ಅದುರುವ ಮೀನಖಂಡ, ಮುಗಿಯದ ತಪಾಸಣೆ

ಎಡಗಣ್ಣು ಅದುರಿದರೆ ಹೆಂಗಸಿಗೆ ಶುಭ, ಗಂಡಸಿಗೆ ಅಶುಭ ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಈಗ ರೆಪ್ಪೆಯೋ ಮೀನಖಂಡವೋ ನಾಲ್ಕು ದಿನ ಅದುರಿದರೆ ಜನ ಮೊಬೈಲನ್ನು ಕೇಳುತ್ತಾರೆ. ಅದು ಎಎಲ್‌ಎಸ್ ಎನ್ನುತ್ತದೆ. ನರರೋಗ ತಜ್ಞನಾದ ನನ್ನ ಬಳಿಗೆ ಈ ಹೆಸರನ್ನು ಹೊತ್ತುಕೊಂಡು, ನಿದ್ದೆಗೆಟ್ಟ ಕಣ್ಣುಗಳಲ್ಲಿ ಬರುವ ಯುವಕ ಯುವತಿಯರು ಕಡಿಮೆಯೇನಿಲ್ಲ.

ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ನಶಿಸುವ ಕಾಯಿಲೆ ಅದು. ಯುರೋಪ್, ಅಮೆರಿಕಗಳ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 2 ಮಂದಿಗೆ ಬರುತ್ತದೆ, ಬಹುಪಾಲು 50 ದಾಟಿದವರಿಗೆ. ಅಂಥವರು ಸಾಮಾನ್ಯವಾಗಿ ಅದುರುವಿಕೆಯ ದೂರು ಹೇಳಿಕೊಂಡು ಬರುವುದಿಲ್ಲ. ಬೀಗದ ಕೈ ತಿರುಗಿಸಲಾಗುತ್ತಿಲ್ಲ, ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುತ್ತಿಲ್ಲ, ಮಾತು ತೊದಲುತ್ತಿದೆ ಎಂದು ಬರುತ್ತಾರೆ. ಸ್ನಾಯು ಅದುರುವುದನ್ನು ಎಷ್ಟೋ ಸಲ ವೈದ್ಯರೇ ಮೊದಲು ಗಮನಿಸುತ್ತಾರೆ.

ಶಕ್ತಿ ಕುಂದದೆ ಬರಿಯ ಅದುರುವಿಕೆಯಷ್ಟೇ ಇದ್ದರೆ? ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಇಂಥ 121 ಮಂದಿಯನ್ನು ದೀರ್ಘಕಾಲ ಗಮನಿಸಿ 1993ರಲ್ಲಿ ವರದಿ ಮಾಡಿದರು. ಒಬ್ಬರಿಗೂ ಆ ಕಾಯಿಲೆ ಬಂದಿರಲಿಲ್ಲ. ನಿದ್ದೆಗೆಡುವುದು, ಹೆಚ್ಚು ಕಾಫಿ, ಜಿಮ್‌ನ ಅತಿಶ್ರಮ, ಆತಂಕ ಇವಿಷ್ಟೂ ಸಾಕು, ಸ್ನಾಯು ತಾನಾಗಿ ಮಿಡಿಯಲು.

ಇದನ್ನೆಲ್ಲ ಹೇಳಿದ ಮೇಲೂ ಭಯ ಹೋಗುವುದಿಲ್ಲ. ಏಕೆಂದರೆ ಆ ಹೊತ್ತಿಗೆ ಅವರ ದಿನಚರಿಯೇ ತಪಾಸಣೆಯಾಗಿರುತ್ತದೆ. ಬೆಳಿಗ್ಗೆ ಎದ್ದೊಡನೆ ಹಿಮ್ಮಡಿಯ ಮೇಲೆ ನಡೆದು ನೋಡುವುದು, ಟೇಪ್ ಹಿಡಿದು ಎರಡೂ ಮೀನಖಂಡಗಳನ್ನು ಅಳೆಯುವುದು. ಎಡಬಲ ಒಂದಿಷ್ಟು ವ್ಯತ್ಯಾಸ ಎಲ್ಲರಿಗೂ ಇರುತ್ತದೆ, ಅಳೆಯದವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಕನ್ನಡಿಯ ಮುಂದೆ ನಾಲಿಗೆ ಚಾಚಿ ಅದು ನಡುಗುತ್ತಿದೆ ಎಂದು ಬೆವರುವವರಿದ್ದಾರೆ. ಚಾಚಿದ ನಾಲಿಗೆ ಯಾರದಾದರೂ ನಡುಗುತ್ತದೆ. ನಾವು ನೋಡುವುದು ಬಾಯೊಳಗೆ ಸುಮ್ಮನೆ ಮಲಗಿರುವ ನಾಲಿಗೆಯನ್ನು. ದಿನಕ್ಕೆ ಹತ್ತಾರು ಸಲ ಮುಷ್ಟಿ ಬಿಗಿದು ಶಕ್ತಿ ಪರೀಕ್ಷಿಸಿದ ಕೈ ಸೋತು ನಡುಗುತ್ತದೆ, ಆ ನಡುಕವೇ ಹೊಸ ಸಾಕ್ಷಿ. ಗಾಬರಿಯಲ್ಲಿ ಉಸಿರು ಜೋರಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ಇವು ಕಲ್ಪನೆಯಲ್ಲ, ದೇಹದಲ್ಲಿ ನಿಜವಾಗಿ ಆಗುವಂಥವು. 'ಬರೀ ಟೆನ್ಷನ್, ಏನೂ ಇಲ್ಲ ಹೋಗಿ' ಎಂದು ಸಾಗಹಾಕುವುದು ನನಗೆ ಸರಿಕಾಣುವುದಿಲ್ಲ.

ಹಾಗೆಂದು ಕೇಳಿದ ಪರೀಕ್ಷೆಯನ್ನೆಲ್ಲ ಬರೆದುಕೊಡುವುದೂ ಉಪಕಾರವಲ್ಲ. ಮೊದಲ ಸಲ ಸರಿಯಾಗಿ ಪರೀಕ್ಷಿಸಬೇಕು: ಶಕ್ತಿ, ಪ್ರತಿವರ್ತನೆ, ಸ್ಪರ್ಶ ಎಲ್ಲವನ್ನೂ. ಥೈರಾಯ್ಡ್ ಮತ್ತು ವಿಟಮಿನ್ ಬಿ12 ನೋಡಬೇಕು, ಮುಖ್ಯವಾಗಿ ಸಸ್ಯಾಹಾರಿಗಳಲ್ಲಿ. ಪಾದ ಜೋಮು ಹಿಡಿಯುವುದಕ್ಕೆ ಬಿ12 ಕೊರತೆ ಕಾರಣವಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಅಗತ್ಯ ಕಂಡರೆ ಸ್ನಾಯುವಿಗೆ ಸೂಜಿಯಿಟ್ಟು ಮಾಡುವ ಇಎಂಜಿ. ಅಲ್ಲಿಗೆ ನಿಲ್ಲಬೇಕು. ಎಲ್ಲ ಸರಿಯಿದೆ ಎಂಬ ವರದಿಯ ನೆಮ್ಮದಿ ಕೆಲವು ದಿನ ಉಳಿಯುತ್ತದೆ, ಆಮೇಲೆ 'ಬಹುಶಃ ಬೇಗ ಮಾಡಿಸಿಬಿಟ್ಟೆ' ಎಂಬ ಸಂಶಯ ತಲೆಯೆತ್ತುತ್ತದೆ. ಇನ್ನೊಂದು ಎಂಆರ್‌ಐ ಮಾಡಿಸಿದರೆ ಬೆನ್ನಿನ ಡಿಸ್ಕ್ ಒಂದು ಚೂರು ಉಬ್ಬಿರುವುದು ಕಾಣುತ್ತದೆ. ನೋವಿಲ್ಲದ ಎಷ್ಟೋ ಜನರಲ್ಲೂ ಅದು ಇರುತ್ತದೆ, ಆದರೆ ಈಗ ಚಿಂತೆ ಎರಡಾಯಿತು.

ಆದ್ದರಿಂದ ಚಿಕಿತ್ಸೆ ಮಾಡಬೇಕಿರುವುದು ಈ ತಪಾಸಣೆಯ ಚಟಕ್ಕೆ. ಅಳೆಯಬೇಕೆನಿಸಿದಾಗ ಅರ್ಧ ಗಂಟೆ ತಡೆಯುವುದು, ಮರುವಾರ ಅದನ್ನು ಒಂದು ಗಂಟೆಗೆ ಏರಿಸುವುದು, ಇಂಟರ್‌ನೆಟ್ಟಿನಲ್ಲಿ ರೋಗಲಕ್ಷಣ ಹುಡುಕುವುದನ್ನು ನಿಲ್ಲಿಸುವುದು. ಮನೆಯವರಿಗೂ ಪಾಠವಿದೆ. 'ನೋಡೇ, ಈ ಕಾಲು ಸಣ್ಣಗಾಗಿದೆಯಾ?' ಎಂದು ಗಂಡ ಹತ್ತನೆಯ ಸಲ ಕೇಳಿದಾಗ ಹೆಂಡತಿ ಕಾಲು ನೋಡಬಾರದು. 'ಡಾಕ್ಟರು ನೋಡುತ್ತಾರೆ ಬಿಡಿ' ಎಂದರೆ ಸಾಕು. ಯೋಚನೆ, ನಡವಳಿಕೆಗಳನ್ನು ಮಾತುಕತೆಯಲ್ಲೇ ತಿದ್ದುವ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ) ಇಂಥವರಿಗೆ ಚೆನ್ನಾಗಿ ನೆರವಾಗುತ್ತದೆ, ಕೆಲವರಿಗೆ ಮಾತ್ರೆಯೂ ಬೇಕಾಗಬಹುದು. ಮನೋವೈದ್ಯರ ಬಳಿ ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ನಾನು ಮರುಭೇಟಿಗೆ ಒಂದು ದಿನ ಗೊತ್ತುಮಾಡುತ್ತೇನೆ, ಮೂರು ತಿಂಗಳ ನಂತರದ್ದು. ಅದಕ್ಕೂ ಮೊದಲು ಬರಬೇಕಾದ ಕಾರಣಗಳನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ: ಗುಂಡಿ ಹಾಕಲಾಗದಂಥ ನಿಶ್ಶಕ್ತಿ, ಪಾದ ಎತ್ತಲಾಗದೆ ಎಡವುವುದು, ನುಂಗಲು ತೊಂದರೆ, ತೊದಲು. ಮುಖವೋ ಕೈಯೋ ಥಟ್ಟನೆ ಸೋತರೆ ನನ್ನಲ್ಲಿಗಲ್ಲ, ತಡಮಾಡದೆ ತುರ್ತು ಚಿಕಿತ್ಸೆಗೆ. ಅದುರುವಿಕೆ ಹೆಚ್ಚಾಯಿತು ಎಂಬುದು ಆ ಚೀಟಿಯಲ್ಲಿರುವುದಿಲ್ಲ.