ಸಿಗ್ನಲ್‌ಗೆ ಕಾಣದ ಸೈಕಲ್

ಅಡ್ಡರಸ್ತೆ ಖಾಲಿ ಇದ್ದರೂ ಕೆಂಪು ದೀಪ ತನ್ನ ಎಣಿಕೆ ಮುಗಿಸದೆ ಬಿಡುವುದಿಲ್ಲ ಎಂದು ಹುಬ್ಬಳ್ಳಿಯಲ್ಲಿ ಗೊಣಗದವರಿಲ್ಲ. ಆದರೆ ಗಡಿಯಾರ ನಂಬಿದ ಸಿಗ್ನಲ್‌ಗೆ ಒಂದು ದೊಡ್ಡ ಗುಣವಿದೆ. ಕಾಯುತ್ತಿರುವುದು ಲಾರಿಯೋ ಸೈಕಲ್ಲೋ ಎಂದು ಅದು ಕೇಳುವುದಿಲ್ಲ. ವಾಹನ ಬಂದುದನ್ನು ಗುರುತಿಸಿ ಹಸಿರು ತೋರುವ ಜಾಣ ಸಿಗ್ನಲ್‌ಗಳ ಮುಂದೆಯೇ ಸೈಕಲ್ ಸವಾರ ಪೇಚಿಗೆ ಸಿಲುಕುವುದು.

1928ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್ ಆಡ್ಲರ್ ನಿಲ್ಲಿಸಿದ ಸಿಗ್ನಲ್‌ಗೆ ಮೈಕ್ ಇತ್ತು. ಹಾರ್ನ್ ಹೊಡೆದರೆ ದೀಪ ಬದಲಾಗುತ್ತಿತ್ತು. ನಮ್ಮ ಊರಿಗೆ ಅದು ಬರದಿದ್ದುದೇ ಒಳ್ಳೆಯದಾಯಿತು. ಆಮೇಲೆ ಹೆಚ್ಚು ಬಳಕೆಗೆ ಬಂದದ್ದು ನೆಲದೊಳಗಿನ ತಂತಿ. ಡಾಂಬರನ್ನು ಗೆರೆಯಾಗಿ ಕೊಯ್ದು, ಚೌಕಾಕಾರದಲ್ಲಿ ಕೆಲವು ಸುತ್ತು ತಂತಿ ಹೂಳುತ್ತಾರೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುತ್ತದೆ. ಮೇಲೆ ಲೋಹ ಬಂದು ನಿಂತರೆ ಅದರೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹ ಹುಟ್ಟಿ, ತಂತಿಯ ಕಾಂತಕ್ಷೇತ್ರಕ್ಕೆ ಎದುರು ನಿಲ್ಲುತ್ತದೆ. ಸುರುಳಿಯ ಪ್ರೇರಕತೆ, ಅಂದರೆ ವಿದ್ಯುತ್ತಿನ ಬದಲಾವಣೆಗೆ ಅದು ಒಡ್ಡುವ ತಡೆ, ತುಸು ಇಳಿಯುತ್ತದೆ. ಸೆಕೆಂಡಿಗೆ ದಿಕ್ಕು ಬದಲಿಸುವ ಸಲ, ಅಂದರೆ ಆವರ್ತನ, ತುಸು ಏರುತ್ತದೆ. ಆ ಏರಿಕೆ ಕಂಡರೆ ವಾಹನ ಬಂದಿದೆ ಎಂದು ಲೆಕ್ಕ.

ತೂಕಕ್ಕೆ ಇಲ್ಲಿ ಕೆಲಸವೇ ಇಲ್ಲ, ಆದ್ದರಿಂದ ಸೈಕಲ್ ಕುಪ್ಪಳಿಸಿ ಫಲವಿಲ್ಲ. ಅಯಸ್ಕಾಂತ ಅಂಟಿಸುವುದು ದುಡ್ಡು ದಂಡ. ಕಬ್ಬಿಣವೇ ಬೇಕೆಂದೂ ಇಲ್ಲ. ಅಲ್ಯೂಮಿನಿಯಂ ರಿಮ್ ಸೊಗಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ವಿದ್ಯುತ್ ಸುತ್ತಿಬರಬಲ್ಲ ಬಳೆ. ತೊಡಕಿರುವುದು ನಿಲ್ಲುವ ಜಾಗದಲ್ಲಿ. ಚೌಕದ ನಟ್ಟನಡುವೆ ಕಾಂತರೇಖೆಗಳು ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ನೆಟ್ಟಗೆ ನಿಂತ ಗಾಲಿಯ ಪಕ್ಕದಲ್ಲೇ ಅವು ಹಾದುಹೋಗುತ್ತವೆ, ಬಳೆಯೊಳಗೆ ತೂರುವುದಿಲ್ಲ. ತಂತಿಯ ಮೇಲಾದರೆ ರೇಖೆಗಳು ಬಾಗಿ ಅಡ್ಡ ಹಾಯುತ್ತವೆ. ಕೊಯ್ದ ಗೆರೆಗುಂಟ ಎರಡೂ ಗಾಲಿ ಇಟ್ಟವನು ಯಂತ್ರಕ್ಕೆ ಕಾಣುವುದು ಇದರಿಂದಲೇ. ಸೈಕಲ್ಲನ್ನು ಕೊಂಚ ವಾಲಿಸಿದರೂ ಅನುಕೂಲವೇ. ದುಬಾರಿ ಕಾರ್ಬನ್ ರಿಮ್‌ನವರಿಗೆ ಮಾತ್ರ ಈ ಉಪಾಯ ಅಷ್ಟಾಗಿ ಫಲಿಸದು.

ಸೂಕ್ಷ್ಮತೆ ಹೆಚ್ಚಿಸಿಬಿಡಬಹುದಲ್ಲ ಎನ್ನಬಹುದು. ಅತಿಯಾದರೆ ಪಕ್ಕದ ಸಾಲಿನ ಲಾರಿಯೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಕೆಲವೆಡೆ ತಂತಿಯನ್ನು ಓರೆಯಾಗಿಯೂ ಹಾಯಿಸುತ್ತಾರೆ. ಆಗ ನಡುವೆ ನಿಂತ ಗಾಲಿಯೂ ಸಿಕ್ಕಿಬೀಳುತ್ತದೆ. ಈಗೀಗ ಕ್ಯಾಮೆರಾಗಳು ಬಂದಿವೆ, ಆದರೆ ದೀಪವಿಲ್ಲದ ಸೈಕಲ್ ರಾತ್ರಿ ಅವಕ್ಕೂ ಕಷ್ಟವೇ.

ಉಣಕಲ್ ನಾಲೆಗುಂಟ ಸೈಕಲ್ ಪಥ ಹಾಕಿದ ಊರು ಇದು. ಇಲ್ಲಿ ಜಾಣ ಸಿಗ್ನಲ್ ಕೂರಿಸುವಾಗ ಕಾರು, ಬಸ್ಸುಗಳ ಜೊತೆಗೆ ಒಂದು ಸಾದಾ ಸೈಕಲ್ಲನ್ನೂ ಗೆರೆಯ ಬೇರೆ ಬೇರೆ ಕಡೆ ನಿಲ್ಲಿಸಿ ನೋಡಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು.