ಸ್ಟಿಯರಿಂಗ್ ತಾನೇ ತಿರುಗುತ್ತದೆ, ಕುರ್ಚಿ ಎತ್ತುವವರು ಯಾರು?

"ಮೇಡಂ, ಅಮ್ಮನಿಗೆ ಇನ್ನು ಈ ಅಭ್ಯಾಸವೆಲ್ಲ ಏಕೆ? ಡ್ರೈವರ್ ಇಲ್ಲದ ಕಾರು ಮನೆ ಬಾಗಿಲಿಗೇ ಬರುತ್ತದಲ್ಲ!"

ಈ ಮಾತನ್ನು ಎಷ್ಟು ಮನೆಯವರಿಂದ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ನಾನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ದೃಷ್ಟಿ ಕಳೆದುಕೊಂಡವರು ಮತ್ತೆ ಮನೆಯಿಂದ ಹೊರಗೆ ಓಡಾಡುವಂತೆ ಮಾಡುವುದು ನನ್ನ ಕೆಲಸ. ಮಕ್ಕಳ ಜೊತೆಗಿರಲು ಬಂದ ಕನ್ನಡದ ಅಪ್ಪ ಅಮ್ಮಂದಿರೂ ನನ್ನಲ್ಲಿಗೆ ಬರುತ್ತಾರೆ. ಮಕ್ಕಳಲ್ಲಿ ಹೆಚ್ಚಿನವರು ಎಂಜಿನಿಯರುಗಳು. ಯಂತ್ರದ ಮೇಲಿನ ಅವರ ನಂಬಿಕೆಗೆ ನನ್ನ ತಕರಾರಿಲ್ಲ. ಆ ನಂಬಿಕೆಯ ಬಲದಲ್ಲಿ ಕಾರು ಹತ್ತಿ ಇಳಿಯುವ ಅಭ್ಯಾಸ ನಿಲ್ಲಿಸಿ, ಅಂಗವಿಕಲರ ಸಾರಿಗೆ ಸೇವೆಯ ಅರ್ಜಿಯನ್ನೂ ಮೂಲೆಗೆ ಹಾಕಿದಾಗ ಮಾತ್ರ ನನ್ನ ತಾಳ್ಮೆ ತಪ್ಪುತ್ತದೆ.

ಈ ಕಾರುಗಳ ಬಗ್ಗೆ ನನಗೆ ಪ್ರೀತಿಯೇ ಇದೆ. 2015ರ ಅಕ್ಟೋಬರಿನಲ್ಲಿ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಸ್ಟೀವ್ ಮಾಹನ್ ಎಂಬ ದೃಷ್ಟಿಹೀನರು, ಸ್ಟಿಯರಿಂಗೂ ಪೆಡಲೂ ಇಲ್ಲದ ಗೂಗಲ್‌ನ ಪುಟ್ಟ ಕಾರಿನಲ್ಲಿ ಒಬ್ಬರೇ ಕುಳಿತು ಊರ ರಸ್ತೆಯಲ್ಲಿ ಹೋಗಿ ಬಂದರು. ಆ ಯೋಜನೆಯೇ ಮುಂದೆ ವೇಮೊ ಕಂಪನಿಯಾಯಿತು. 2024ರ ಜೂನ್‌ನಿಂದ ಅದರ ಟ್ಯಾಕ್ಸಿಯನ್ನು ನಮ್ಮೂರಿನಲ್ಲಿ ಯಾರು ಬೇಕಾದರೂ ಕರೆಯಬಹುದು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋದ ನಿವೃತ್ತ ಮೇಷ್ಟ್ರೊಬ್ಬರಿಗೆ ಅದನ್ನು ಕರೆಯುವುದನ್ನು ಕಲಿಸಿದೆ. ಮೊಬೈಲಿನಲ್ಲಿ ಒತ್ತಿದರೆ ನಿಂತಿರುವ ಕಾರು ಹಾರ್ನ್ ಹಾಕುತ್ತದೆ; ಆ ಸದ್ದಿನ ಜಾಡಿನಲ್ಲಿ ಬಿಳಿಕೋಲು ಹಿಡಿದು ನಡೆದು ಬಾಗಿಲು ಹುಡುಕಬೇಕು. ಕ್ಷೌರ ಮಾಡಿಸಿಕೊಂಡು ಬಂದ ದಿನ ಅವರು ನನಗೆ ಫೋನ್ ಮಾಡಿದರು. "ಯಾರ ಬಿಡುವಿಗೂ ಕಾಯಲಿಲ್ಲ, ಯಾರಿಗೂ ಉಪಕಾರವಾಯಿತು ಎನ್ನಬೇಕಾಗಲಿಲ್ಲ ಕಣಮ್ಮ" ಎಂದರು. ಆ ದನಿಯನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಆದರೆ ಮೇಷ್ಟ್ರ ಕಾಲು ಗಟ್ಟಿಯಾಗಿತ್ತು. ಅವರಿಗೆ ಬೇಕಿದ್ದದ್ದು ಓಡಿಸುವವರು ಮಾತ್ರ. ಇದನ್ನೇ ನಾನು ಹೇಳಿ ಹೇಳಿ ಸೋತಿರುವುದು: ಕಾರು ಓಡುವುದು ಪ್ರಯಾಣದ ನಡುವಿನ ಭಾಗ. ಮನೆಯ ಕುರ್ಚಿಯಿಂದ ಬಾಗಿಲು, ಬಾಗಿಲಿನಿಂದ ರಸ್ತೆಯಂಚು, ರಸ್ತೆಯಂಚಿನಿಂದ ಸೀಟು, ಮತ್ತೆ ಅಲ್ಲಿ ಇಳಿದು ಇದೆಲ್ಲ ತಿರುವುಮುರುವು. ಯಂತ್ರ ವಹಿಸಿಕೊಂಡಿರುವುದು ನಡುವಿನದನ್ನು ಮಾತ್ರ. ಎರಡು ತುದಿಗಳಲ್ಲಿ ಆಸರೆಯಾಗುತ್ತಿದ್ದ ಮನುಷ್ಯನನ್ನು ಮಾತ್ರ ಅದು ಇಲ್ಲವಾಗಿಸಿದೆ.

ಹಾಸನದ ಕಡೆಯ ತಾಯಿಯೊಬ್ಬರ ಮಗನಿಗೆ ಬಾಯಿಮಾತಿನಿಂದ ಇದನ್ನು ಒಪ್ಪಿಸಲು ನನಗೆ ಆಗಲಿಲ್ಲ. ಪಾರ್ಶ್ವವಾಯುವಿನಿಂದ ಆಕೆಯ ಎಡಭಾಗ ಸೋತಿತ್ತು. ಕಂಬಿ ಹಿಡಿದು ನಿಲ್ಲಬಲ್ಲರು, ದೂರಕ್ಕೆ ಮಡಚುವ ಗಾಲಿಕುರ್ಚಿ ಬೇಕು. ಒಂದು ಮಧ್ಯಾಹ್ನ ಅವರದೇ ಕಾರನ್ನು ರಸ್ತೆಯಂಚಿಗೆ ನಿಲ್ಲಿಸಲು ಹೇಳಿದೆ. "ಹತ್ತು ಹೆಜ್ಜೆ ಆಚೆ ಹೋಗಿ ಕೈಕಟ್ಟಿ ನಿಲ್ಲಿ. ನೀವು ಇಲ್ಲಿ ಇಲ್ಲವೆಂದೇ ತಿಳಿಯಿರಿ" ಎಂದೆ. ಬೀಳದಂತೆ ನೋಡಿಕೊಳ್ಳಲು ನಾನು ಪಕ್ಕದಲ್ಲೇ ಇದ್ದೆ, ಆದರೆ ಮುಟ್ಟಲಿಲ್ಲ.

ಆಕೆ ಕುರ್ಚಿಯನ್ನು ಹಿಂದಿನ ಬಾಗಿಲಿನ ಪಕ್ಕಕ್ಕೆ ತಂದು ಬ್ರೇಕ್ ಹಾಕಿದರು. ಬಲಗೈಯಲ್ಲಿ ಹಿಡಿಕೆ ಹಿಡಿದು ಎದ್ದು, ತಿರುಗಿ, ಮೊದಲು ಕುಳಿತರು. ಆಮೇಲೆ ಸೋತ ಕಾಲನ್ನು ಬಲಗೈಯಿಂದ ಎತ್ತಿ ಒಳಗಿಟ್ಟುಕೊಂಡರು. ನಾವು ವಾರಗಟ್ಟಲೆ ಕಲಿತದ್ದು ಅಷ್ಟನ್ನೇ. ಬಾಗಿಲು ಪೂರ್ತಿ ತೆರೆದಿತ್ತು. ಎಳೆದುಕೊಳ್ಳಲು ಹೊರಗೆ ಬಾಗಿದರೆ, ಸೊಂಟ ಹಿಡಿದು ನಿಲ್ಲಿಸುವ ಶಕ್ತಿ ಎಡಗಡೆ ಇಲ್ಲ. ಬಾಗಿಲಿನ ಆಚೆ, ರಸ್ತೆಯಂಚಿನಲ್ಲಿ, ಹದಿನಾರು ಕಿಲೊ ತೂಕದ ಕುರ್ಚಿ ಒಂಟಿಯಾಗಿ ನಿಂತಿತ್ತು.

"ನಾನೇನೋ ಕುಳಿತೆನಪ್ಪ, ಕುರ್ಚಿಯನ್ನು ಯಾರು ಹತ್ತಿಸುತ್ತಾರೆ?" ಎಂದು ಆಕೆ ಮಗನನ್ನು ಕೇಳಿದರು. ಊರಿನಲ್ಲಿ ಆಟೋದವನು ಅದನ್ನು ಹಿಂದೆ ಕಟ್ಟಿಕೊಂಡು ಬರುತ್ತಿದ್ದನಂತೆ, ಆಸ್ಪತ್ರೆಯ ಮೆಟ್ಟಿಲಿನಲ್ಲಿ ರಟ್ಟೆಯನ್ನೂ ಹಿಡಿಯುತ್ತಿದ್ದನಂತೆ. ಮಗ ಬಹಳ ಹೊತ್ತು ಮಾತಾಡಲಿಲ್ಲ.

ವಿದ್ಯುತ್ ಗಾಲಿಕುರ್ಚಿಯವರ ಕಷ್ಟ ಇನ್ನೂ ದೊಡ್ಡದು. ಅದು ನೂರು ಕಿಲೊ ದಾಟಬಹುದು, ಮಡಚಲಾಗದು. ವ್ಯಾನಿಗೆ ಇಳಿಜಾರು ಹಲಗೆ ಬೇಕು, ಚಾವಣಿ ಎತ್ತರವಿರಬೇಕು, ಒಳಗೆ ಕುರ್ಚಿಯನ್ನು ನಾಲ್ಕು ಪಟ್ಟಿಗಳಿಂದ ನೆಲಕ್ಕೆ ಬಿಗಿಯಬೇಕು, ಕುಳಿತವರಿಗೆ ಬೇರೆಯದೇ ಬೆಲ್ಟ್ ಹಾಕಬೇಕು. ಇದನ್ನೆಲ್ಲ ಈಗ ಮಾಡುವುದು ಮನುಷ್ಯರ ಕೈ. ಸಂಶೋಧಕರಿಗೆ ಇದು ಗೊತ್ತಿಲ್ಲವೆಂದಲ್ಲ. ಅಮೆರಿಕದ ಸಾರಿಗೆ ಇಲಾಖೆ ನಡೆಸಿದ ವಿನ್ಯಾಸ ಸ್ಪರ್ಧೆಯಲ್ಲಿ, ಕುರ್ಚಿಯನ್ನು ತಾನಾಗಿಯೇ ಬಿಗಿಯುವ ವ್ಯವಸ್ಥೆಗಾಗಿ 2022ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ತಂಡಕ್ಕೆ ಹತ್ತು ಲಕ್ಷ ಡಾಲರಿನ ಮೊದಲ ಬಹುಮಾನ ಬಂತು. ಗಾಲಿಕುರ್ಚಿ ಹತ್ತಿಸಬಲ್ಲ ಚಾಲಕರಿಲ್ಲದ ಒರಿಜಿನ್ ವಾಹನವನ್ನು 2023ರಲ್ಲಿ ತೋರಿಸಿದ ಕ್ರೂಸ್ ಕಂಪನಿ, ಮರುವರ್ಷ ಆ ವಾಹನವನ್ನೇ ಕೈಬಿಟ್ಟಿತು. ವೇಮೊ ಕೂಡ ಇಂಥವರು ಕೇಳಿಕೊಂಡರೆ ಹಲಗೆಯಿರುವ ವ್ಯಾನನ್ನು ಮನುಷ್ಯ ಚಾಲಕರೊಂದಿಗೇ ಕಳಿಸುತ್ತದೆ.

ನಾನು ಬರೆಯುತ್ತಿರುವುದು ನನ್ನ ರೋಗಿಗಳನ್ನು ನೋಡಿ. ನಿಮ್ಮವರ ಕೈಕಾಲಿನ ಬಲವನ್ನು ನೋಡದೆ ಯಾರೂ ಹೌದು, ಇಲ್ಲ ಎನ್ನಲಾಗದು. ಮರೆವಿನ ಕಾಯಿಲೆ ಇರುವವರನ್ನಂತೂ ಈ ಕಾರಿನಲ್ಲಿ ಒಬ್ಬರನ್ನೇ ಕಳಿಸಬೇಡಿ. ಇಳಿದ ಮೇಲೆ ಅವರು ಯಾವ ಕಡೆ ನಡೆದರೆಂದು ಕಾರು ನೋಡುತ್ತಾ ನಿಲ್ಲುವುದಿಲ್ಲ.

ಇನ್ನು ಆ ಅರ್ಜಿಯ ಮಾತು. ಅಮೆರಿಕದ 1990ರ ಅಂಗವಿಕಲರ ಕಾಯಿದೆಯಂತೆ, ಸಾಮಾನ್ಯ ಬಸ್ಸು ಹತ್ತಲಾಗದವರಿಗೆ ಬಸ್ ಮಾರ್ಗದಿಂದ ಮುಕ್ಕಾಲು ಮೈಲಿಯೊಳಗೆ ಸಾರಿಗೆ ಸಂಸ್ಥೆಯೇ ವ್ಯಾನ್ ಕೊಡಬೇಕು. ದರ ಬಸ್ಸಿನ ಎರಡು ಪಟ್ಟು ಮೀರಬಾರದು. ಪೂರ್ತಿ ತುಂಬಿದ ಅರ್ಜಿ ಕೊಟ್ಟು 21 ದಿನದೊಳಗೆ ತೀರ್ಮಾನವಾಗದಿದ್ದರೆ, ತೀರ್ಮಾನವಾಗುವವರೆಗೆ ಸೇವೆ ಕೊಡಲೇಬೇಕು. ಹಿಂದಿನ ದಿನವೇ ಕಾದಿರಿಸಬೇಕೆಂದು ಎಲ್ಲರೂ ಗೊಣಗುತ್ತಾರೆ, ನಿಜವೇ. ಆದರೆ ಆ ವ್ಯಾನಿನಲ್ಲಿ ಪಟ್ಟಿ ಬಿಗಿಯುವ ಕೈ ಇದೆ.

ಹಾಸನದ ತಾಯಿಯ ಅರ್ಜಿ ಮಂಜೂರಾಗಿದೆ. ಅಭ್ಯಾಸವೂ ಮತ್ತೆ ಶುರುವಾಗಿದೆ. ಬಾಗಿಲಿನ ಹಿಡಿಕೆಗೆ ಬಟ್ಟೆಯ ಪಟ್ಟಿಯೊಂದನ್ನು ಸಿಕ್ಕಿಸಿ, ಬಾಗದೆ ಎಳೆದುಕೊಳ್ಳುವುದನ್ನು ಮೊನ್ನೆ ಕಲಿತರು. ಮುಂದಿನ ಮಂಗಳವಾರ ಹಗುರದ ಕುರ್ಚಿಯೊಂದನ್ನು ತರಿಸಿ ನೋಡುತ್ತೇವೆ. ಮಗನಿಗೂ ಬರಲು ಹೇಳಿದ್ದೇನೆ, ಹತ್ತು ಹೆಜ್ಜೆ ಆಚೆ ನಿಲ್ಲಲು.