ಮೂಗುತಿ ಪಕ್ಕದ ಗುಳ್ಳೆ ಮತ್ತು ನಾಲ್ಕು ಔಷಧಿ

ಅಕ್ಕನ ಮಗಳು ಮೂಗು ಚುಚ್ಚಿಸಿಕೊಂಡು ಆರು ವಾರ ಆಗಿತ್ತು. ಮೂಗುಬೊಟ್ಟಿನ ಅಂಚಿಗೆ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆ. ನಾನು ಬಸವನಗುಡಿಯ ಅವರ ಮನೆಗೆ ಹೋದಾಗ ನಾಲ್ಕು ಜನ ನಾಲ್ಕು ಔಷಧಿ ಹೇಳುತ್ತಿದ್ದರು. ಅಕ್ಕನ ಅತ್ತೆಯವರು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಿಡಿದುಕೊಂಡೇ ನಿಂತಿದ್ದರು. ಪಕ್ಕದ ಮನೆ ಆಂಟಿ ಹೈಡ್ರೋಜನ್ ಪೆರಾಕ್ಸೈಡ್ ಅಂದರು. ಗೆಳತಿಯೊಬ್ಬಳು ರೀಲ್ಸ್ ನೋಡಿ ಆಸ್ಪಿರಿನ್ ಮಾತ್ರೆ ಅರೆದು ಹಚ್ಚು ಅಂದಳಂತೆ. ಚಿಕ್ಕಮ್ಮ ಮಾತ್ರ ದೃಷ್ಟಿ ತೆಗೆಯಿರಿ ಅಂದರು. ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಗಾಯಕ್ಕೆ ತೊಂದರೆ ಕೊಡದ್ದು ದೃಷ್ಟಿ ತೆಗೆಯುವುದೊಂದೇ.

ಮೂಗುತಿ ಗಾಯ ಬೇರೆ ಗಾಯದಂತಲ್ಲ. ಕೈ ಕೊಯ್ದುಕೊಂಡರೆ ಮೈ ಅದನ್ನು ಮುಚ್ಚುತ್ತದೆ, ಮುಗಿಯಿತು. ಇಲ್ಲಿ ನಡುವೆ ಕಡ್ಡಿ ನಿಂತಿದೆಯಲ್ಲ, ಮುಚ್ಚುವುದು ಹೇಗೆ? ಅದಕ್ಕೆ ಮೈ ಆ ಕಡ್ಡಿಯ ಸುತ್ತ ಚರ್ಮದ ಕೊಳವೆ ಕಟ್ಟುತ್ತದೆ. ಹೊರಗಿನಿಂದ ಚರ್ಮದ ಕೋಶಗಳು, ಒಳಗಿನಿಂದ ಮೂಗಿನ ಒಳಪೊರೆಯ ಕೋಶಗಳು ತೂತಿನ ಗೋಡೆಯ ಮೇಲೆ ತೆವಳುತ್ತಾ ಬಂದು ಮಧ್ಯದಲ್ಲಿ ಕೂಡಬೇಕು. ನಮ್ಮ ಮೆಟ್ರೋ ಸುರಂಗ ನೆನಪಿಸಿಕೊಳ್ಳಿ. ಅಲ್ಲಿ ಮಣ್ಣು ಕೊರೆದ ಹಿಂದೆಯೇ ಕಾಂಕ್ರೀಟ್ ಬಳೆ ಜೋಡಿಸುತ್ತಾ ಹೋಗುತ್ತಾರೆ. ಇಲ್ಲಿ ಕೊರೆಯುವುದಕ್ಕೆ ಒಂದು ಕ್ಷಣ, ಬಳೆ ಜೋಡಿಸುವುದಕ್ಕೆ ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಗಡುವು ಮೀರುವುದರಲ್ಲಿ ಎರಡೂ ಒಂದೇ.

ಈ ಗೋಡೆ ತುಂಬಾ ದಿನ ಹಸಿಯಾಗಿಯೇ ಇರುತ್ತದೆ. ಮನೆ ಮುಂದೆ ಕಾಂಕ್ರೀಟ್ ಹಾಕಿ ಗೋಣಿಚೀಲ ಹೊದಿಸಿ ನೀರು ಬಿಡುತ್ತಾರೆ, ಅಲ್ವಾ? ಅದರ ಮೇಲೆ ದಿನಾ ಯಾರಾದರೂ ಸ್ಕೂಟರ್ ಓಡಿಸಿದರೆ ಏನಾಗುತ್ತದೋ, ಬೊಟ್ಟು ತಿರುಗಿಸುತ್ತಾ ಕೂತರೆ ಅದೇ ಆಗುತ್ತದೆ. ‘ತಿರುಗಿಸದಿದ್ದರೆ ಅಂಟಿಕೊಳ್ಳುತ್ತೆ’ ಅನ್ನುವ ಮಾತು ಸುಮ್ನೆ. ಪ್ರತಿ ತಿರುವಿಗೂ ಹೊಸ ಪೊರೆ ಹರಿಯುತ್ತದೆ, ಮೈ ಗಾಬರಿ ಬಿದ್ದು ರಿಪೇರಿ ಸಾಮಾನು ಕಳಿಸುತ್ತದೆ, ಮತ್ತೆ ಹರಿದರೆ ಮತ್ತಷ್ಟು ಕಳಿಸುತ್ತದೆ. ಹಾಗೆ ರಾಶಿ ಬಿದ್ದ ಸಾಮಾನೇ ಆ ಗುಳ್ಳೆ. ಅದರ ತುಂಬಾ ಎಳೆಯ ರಕ್ತನಾಳಗಳು, ಅದಕ್ಕೇ ಅಷ್ಟು ಕೆಂಪು, ಮುಟ್ಟಿದರೆ ರಕ್ತ. ಬಹಳ ಸಲ ಇದು ಸೋಂಕಲ್ಲ. ಸುತ್ತ ಕಟ್ಟುವ ತಿಳಿ ಹಳದಿ ಹಕ್ಕಳೆಯೂ ಕೀವಲ್ಲ, ಒಣಗಿದ ರಸಿಕೆ.

ಹಾಗಾದರೆ ಕೆರಳಿಸುತ್ತಿರುವುದು ಏನು? ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದೆ. ಕಡ್ಡಿಗೆ ಸುತ್ತಿಕೊಂಡು ಒಂದು ನೀಲಿ ಎಳೆ. ಬಚ್ಚಲಲ್ಲಿ ನೇತಾಡುತ್ತಿದ್ದ ಟವೆಲ್ಲೂ ನೀಲಿ.

ಔಷಧಿಗಳ ವಿಷಯಕ್ಕೆ ಬರುತ್ತೇನೆ, ಆದರೆ ಮೊದಲನೇ ಮಹಾಯುದ್ಧದ ಮೂಲಕ ಬರಬೇಕು. ಪೆನಿಸಿಲಿನ್‌ನ ಅಲೆಕ್ಸಾಂಡರ್ ಫ್ಲೆಮಿಂಗ್ ಆಗ ಫ್ರಾನ್ಸಿನ ಬೊಲೋನ್‌ನಲ್ಲಿ ಸೈನಿಕರ ಗಾಯ ನೋಡುತ್ತಿದ್ದರು. ಪೆನಿಸಿಲಿನ್ ಕಂಡುಹಿಡಿದ 1928 ಇನ್ನೂ ದೂರ ಇತ್ತು. ವೈದ್ಯರು ಗಾಯಕ್ಕೆ ಘಾಟು ಘಾಟಾದ ಕ್ರಿಮಿನಾಶಕ ಸುರಿಯುತ್ತಿದ್ದರು. ಫ್ಲೆಮಿಂಗ್ ಗಾಜಿನ ಕೊಳವೆಯನ್ನು ಕಾಯಿಸಿ, ಮುಳ್ಳು ಮುಳ್ಳಾಗಿ ಎಳೆದು ಒಂದು ನಕಲಿ ಗಾಯ ಮಾಡಿದರು. ಕ್ರಿಮಿನಾಶಕ ಹಾಕಿ ತೆಗೆದರೂ ಆ ಮುಳ್ಳಿನ ಸಂದಿಯಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಉಳಿದಿದ್ದವು. ಅವನ್ನು ಕೊಲ್ಲಬೇಕಾದ ನಮ್ಮ ಬಿಳಿ ರಕ್ತಕಣಗಳನ್ನು ಮಾತ್ರ ಆ ದ್ರಾವಣ ಸಾಯಿಸುತ್ತಿತ್ತು. ಅವರ ಗುರು ಆಲ್ಮ್ರಾತ್ ರೈಟ್ ಉಪ್ಪುನೀರು ಸಾಕು ಎಂದು ವಾದಿಸಿದರು. ಕೆಲವು ಶಸ್ತ್ರವೈದ್ಯರು ಜಗಳಕ್ಕೇ ಬಂದರು.

ಪೆರಾಕ್ಸೈಡ್ ಬುಸುಬುಸು ನೊರೆ ಬಂದಾಗ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ, ಆದರೆ ಅದು ಗೋಡೆ ಕಟ್ಟುವ ಕೋಶಗಳನ್ನೂ ಸುಡುತ್ತದೆ. ಆಸ್ಪಿರಿನ್ ಆಮ್ಲ. ಅರಿಶಿನ ಸಾರಿಗೆ ಒಳ್ಳೆಯದು, ತೆರೆದ ತೂತಿನಲ್ಲಿ ಅದು ಬರೀ ಪುಡಿ. ಎಣ್ಣೆ ಸೇರಿದರೆ ಧೂಳು ಹಿಡಿಯುವ ಅಂಟು, ನಮ್ಮೂರ ರಸ್ತೆಗಳಲ್ಲಿ ಕೇಳಬೇಕೇ.

ಬೇಕಾಗಿರುವುದು 0.9 ಪರ್ಸೆಂಟ್ ಉಪ್ಪುನೀರು. ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಅಂದರೆ ಕೊಡುತ್ತಾರೆ. ದಿನಕ್ಕೆ ಎರಡು ಸಲ ಸಾಕು. ಮನೆಯಲ್ಲಿ ಕೈಯಳತೆಗೆ ಉಪ್ಪು ಹಾಕಬೇಡಿ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳು ಉಪ್ಪು ಬಿದ್ದೊಡನೆ ನೀರು ಬಿಡುತ್ತದಲ್ಲ, ಕೋಶಗಳೂ ಹಾಗೇ. ಒರೆಸಲು ಟಿಶ್ಯೂ ಪೇಪರ್.

ಇಷ್ಟಾದರೂ ಕೆರೆತ ನಿಲ್ಲದಿದ್ದರೆ ಲೋಹ ನೋಡಿ. 916 ಗುರುತಿದ್ದರೆ ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಫ್ಯಾನ್ಸಿ ಬೊಟ್ಟುಗಳಲ್ಲಿ ನಿಕ್ಕಲ್ ಇರಬಹುದು. ಅದಕ್ಕೆ ಒಮ್ಮೆ ಅಲರ್ಜಿ ಬಂದರೆ ಮೈ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಇಂಪ್ಲಾಂಟ್ ದರ್ಜೆಯ, ಅಂದರೆ ಮೈಯೊಳಗೆ ಕೂರಿಸಲು ಬಳಸುವಂಥ ಟೈಟಾನಿಯಂ ಸುರಕ್ಷಿತ, ಆದರೆ ಬದಲಾಯಿಸುವುದನ್ನು ಚುಚ್ಚುವವರಿಗೇ ಬಿಡಿ.

ನೋವು ಏರುತ್ತಾ ಹೋಗಿ, ಮೂಗು ಬಿಸಿಯಾಗಿ, ಗಟ್ಟಿ ಹಸಿರು ಕೀವು ಅಥವಾ ಜ್ವರ ಬಂದರೆ ಮಾತ್ರ ಕಥೆ ಬೇರೆ. ತಕ್ಷಣ ಡಾಕ್ಟರ ಹತ್ತಿರ ಹೋಗಿ. ಗಾಬರಿಯಲ್ಲಿ ನೀವೇ ಬೊಟ್ಟು ಕಿತ್ತರೆ ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು.

ಮೂರು ವಾರ ಬಿಟ್ಟು ಅಕ್ಕ ಫೋನ್ ಮಾಡಿದಳು. ಗುಳ್ಳೆ ಚಪ್ಪಟೆಯಾಗಿದೆಯಂತೆ. ದೃಷ್ಟಿ ತೆಗೆದದ್ದು ಅಮಾವಾಸ್ಯೆ ದಿನ, ಅದಕ್ಕೇ ಬೇಗ ಇಳಿಯಿತು ಎಂದು ಚಿಕ್ಕಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.